ತೌಡಿನ ಮೂಟೆಯೊಳಗಿನ ಗುಂಡು

“ಉಜ್ಜಿ ಸಾಬ್ರೇ! ಯಾಕೆ ತಡ ಮಾಡ್ತೀರಿ?”

ಮುದ್ದಯ್ಯನ ಜೋಡುನಳಿಗೆ ಬಂದೂಕು ನನ್ನ ಪಕ್ಕೆಗೆ ಒತ್ತಿಕೊಂಡಿತ್ತು. ನನ್ನ ಕೈಯಲ್ಲಿ ಸಣ್ಣದೊಂದು ಅರ. ತೊಡೆಯ ಮೇಲೆ ಅವನ ಹಳೆಯ ಶಿಕಾರಿ ರೈಫಲ್.

ಅರದಿಂದ ಹತ್ತು ಸಲ ಉಜ್ಜಿದರೆ ಸಾಕು...

ನನ್ನ ಮಗನನ್ನು ಕೊಂದವನು ಯಾರೆಂದು ಹೇಳುವ ಗುರುತು ಅಳಿಸಿಹೋಗುತ್ತಿತ್ತು!

ಅಷ್ಟೇ ಅಲ್ಲ. ಕೊಲ್ಲದವನೊಬ್ಬನ ಕುತ್ತಿಗೆಗೆ ಹಗ್ಗ ಬೀಳುತ್ತಿತ್ತು.

ಸ್ವಲ್ಪ ಹಿಂದಕ್ಕೆ ಬನ್ನಿ, ಹೇಳುತ್ತೇನೆ.

ನಾನು ನಜೀರ್ ಅಹಮದ್. ತುಮಕೂರಿನಲ್ಲಿ ಬಂದೂಕು ರಿಪೇರಿ ಅಂಗಡಿ. ಮೂವತ್ತೈದು ವರ್ಷದ ಕಸುಬು. ಹಳೆಯ ರೈಫಲ್ಲುಗಳಿಗೆ ಬೆಲೆ ಕಟ್ಟಿ ಬರೆದುಕೊಡುತ್ತೇನೆ. ಸುಳ್ಳು ಬೆಲೆ ಬರೆದವನಲ್ಲ. ಮೇಲಿರುವವನು ನೋಡುತ್ತಿರುತ್ತಾನೆ.

ಇದು ಎಪ್ಪತ್ತೊಂಬತ್ತರ ಮಾತು. ಅದರ ಹಿಂದಿನ ವರ್ಷ ನನ್ನ ಒಬ್ಬನೇ ಮಗ ಮೆಹತಾಬ್ ಸತ್ತ. ಬಾಡಿಗೆ ಜೀಪಿನ ಡ್ರೈವರಾಗಿದ್ದ. ಹುತ್ರಿದುರ್ಗದ ಬುಡದಲ್ಲಿ ಜೀಪು ನಿಲ್ಲಿಸಿ ಇಳಿದವನಿಗೆ ಎಲ್ಲಿಂದಲೋ ಬಂದ ರೈಫಲ್ ಗುಂಡು ತಗುಲಿತು.

ಹೆಣದ ಪಕ್ಕದಲ್ಲಿ ಇದ್ದನೆಂದು ಮರುದಿನ ಪೋಲೀಸರಿಗೆ ಸಿಕ್ಕಿಬಿದ್ದವನು ಬೀರಯ್ಯ. ಹುರುಳಿ ಹೊಲ ಕಾಯುವವನು. ಕದ್ದ ರೈಫಲ್ಲಿನಿಂದ ಹೊಡೆದ, ಆಮೇಲೆ ಅದನ್ನು ಕುಣಿಗಲ್ ಕೆರೆಗೆ ಎಸೆದ ಎಂಬುದು ಕೇಸು.

ಅವನ ತಾಯಿ ಕದರಮ್ಮ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು.

“ನಿಮ್ ಮಗಂಗೆ ನಮ್ ಬೀರಯ್ಯ ಕೊನೇ ಗುಟುಕು ನೀರು ಬುಟ್ಟಿದ್ದೇ ತೆಪ್ಪಾಯ್ತು ಸಾಬ್ರೇ,” ಎಂದಿದ್ದಳು.

ಕೋರ್ಟಿನಲ್ಲಿ ನಾನು ಮಗನ ಮೈಯಿಂದ ತೆಗೆದ ಗುಂಡನ್ನು ನೋಡಿದ್ದೆ. ತಿರುಗಿಸಿ ತಿರುಗಿಸಿ ನೋಡಿದ್ದೆ. ಅದರ ಬುಡದ ಮೈಮೇಲೆ ಉದ್ದಕ್ಕೊಂದು ಗೀರು. ಕೂದಲಿನಷ್ಟು ಸಣ್ಣದು... ಒಳ್ಳೆಯ ನಳಿಗೆ ಅಂಥ ಗೀರು ಮಾಡುವುದಿಲ್ಲ.

ಆ ದಿನ ಮಧ್ಯಾಹ್ನ ಮೂರಕ್ಕೆ ಬೀರಯ್ಯನ ಕೇಸಿನ ಕೊನೆಯ ವಾದ. ಬೆಳಿಗ್ಗೆ ನನ್ನ ಹಳೆಯ ಗಿರಾಕಿ, ಸದಾಶಿವನಗರದ ಆಂಜನಪ್ಪ ಜೀಪು ತಂದು ನಿಲ್ಲಿಸಿದ.

“ಗುಬ್ಬೀಲಿ ಒಂದು ರೈಫಲ್ ಐತೆ, ಬನ್ನಿ. ನೀವು ಬೆಲೆ ಕಟ್ಟದೆ ನಾನು ತಗೊಳಲ್ಲ. ಮೂರು ಗಂಟೆಯೊಳಗೆ ಕೋರ್ಟ್ ಹತ್ರಾನೇ ಬುಡ್ತೀನಿ.”

ಹೋದೆ.

ಮುದ್ದಯ್ಯನ ರೈಸ್ ಮಿಲ್ಲು. ನನ್ನನ್ನು ಕಂಡಾಗ ಅವನ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ ಕೈ ಮುಗಿದ.

“ನಿಮ್ಮ ಹುಡುಗನ ವಿಷ್ಯ ಕೇಳಿ ಬಾಳ ಬೇಜಾರಾಯ್ತು. ಆ ಬೀರಯ್ಯನ್ನ ನೇಣಿಗೆ ಹಾಕ್ಬೇಕು.”

“ರೈಫಲ್ ತೋರ್ಸಿ,” ಎಂದೆ.

“ಆರು ಸಾವ್ರಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ. ಇಂಗ್ಲೆಂಡ್ ಮಾಲು!”

“ಹುಟ್ಟಿದ್ದು ಇಂಗ್ಲೆಂಡಲ್ಲೇ. ಮುಪ್ಪಾಗಿದ್ದು ಗುಬ್ಬೀಲಿ.”

ಆಂಜನಪ್ಪ ನಕ್ಕ. ಮುದ್ದಯ್ಯ ನಗಲಿಲ್ಲ.

ಮರದ ಹಿಡಿ ಸೀಳಿತ್ತು. ಅಂಟು ಹಾಕಿ, ಮೇಲೆ ಹೊಸ ಪಾಲಿಶ್ ಹೊಡೆದಿದ್ದರು. ಪಾಲಿಶ್ಶಿಗೆ ಯಾರೂ ದುಡ್ಡು ಕೊಡಬಾರದು. ನಳಿಗೆಯ ನಂಬರೂ ಬೋಲ್ಟಿನ ನಂಬರೂ ಒಂದೇ ಇದ್ದವು, ಅಂದರೆ ಬಿಡಿಭಾಗ ಬದಲಾಗಿರಲಿಲ್ಲ. ಅದಕ್ಕೆ ಧಾರಾಳವಾಗಿ ಕೊಡಬಹುದು. ಆದರೆ ಶಿಕಾರಿ ನಿಷೇಧವಾದ ಮೇಲೆ ಇಂಥ ಮಾಲಿಗೆ ಗಿರಾಕಿ ಎಲ್ಲಿ? ಹೊಡೆಯಲು ಮದ್ದುಗುಂಡಿನ ತೋಟಾ ಸಿಗುವುದೂ ಕಷ್ಟ.

ಹೊಡೆದು ನೋಡದೆ ನಾನು ಬೆಲೆ ಹೇಳುವುದಿಲ್ಲ. ಮಿಲ್ಲಿನ ಹಿಂದೆ ತೌಡಿನ ಮೂಟೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದೆವು. ಮುದ್ದಯ್ಯ ಮೂರು ತೋಟಾ ಕೊಟ್ಟ. ಎರಡು ಹೊಡೆದೆ. ಮೂರನೆಯದು ನನ್ನ ಜೇಬಿನಲ್ಲೇ ಉಳಿಯಿತು.

ಎರಡೂ ಗುಂಡು ಎಡಕ್ಕೆ ಹೋದವು!

ಯಾಕೆ?

ಸ್ವಲ್ಪ ಹತ್ತಿ ತೆಗೆದುಕೊಂಡು ನಳಿಗೆಯ ಬಾಯಂಚಿನ ಸುತ್ತ ತಿರುಗಿಸಿದೆ. ಒಂದು ಕಡೆ ಹತ್ತಿ ಸಿಕ್ಕಿಕೊಂಡಿತು. ಅಲ್ಲಿ ಅಂಚು ಪೆಟ್ಟು ತಿಂದು ಒಳಕ್ಕೆ ಮಡಚಿ, ಮುಳ್ಳಿನಂತೆ ನಿಂತಿತ್ತು. ಹೊರಗೆ ಹೋಗುವ ಪ್ರತಿ ಗುಂಡಿನ ಮೇಲೂ ಅದು ಉದ್ದಕ್ಕೊಂದು ಗೀರು ಎಳೆಯುತ್ತದೆ...

ಕೂದಲಿನಷ್ಟು ಸಣ್ಣ ಗೀರು.

ಯಾ ಅಲ್ಲಾ!

ಬೆಲೆ ಕಟ್ಟುವವನು ದೋಷ ಕಂಡರೆ ಬಾಯಿಬಿಟ್ಟು ಹೇಳಬೇಕು. ಆದರೆ ಹೇಳಿದರೆ ಐದು ನಿಮಿಷದಲ್ಲಿ ಅದನ್ನು ಉಜ್ಜಿ ಹಾಕಬಹುದು.

“ಗುಂಡು ಎಡಕ್ಕೆ ಹೋಯ್ತಲ್ಲಾ?” ಆಂಜನಪ್ಪ ಕೇಳಿದ.

“ನಂಗೆ ವಯಸ್ಸಾಯ್ತು. ಕೈ ನಡುಗ್ತು.”

ಕಸುಬಿನಲ್ಲಿ ನಾನಾಡಿದ ಮೊದಲ ಸುಳ್ಳು ಅದು. ಬೆಲೆ ಮೂರೂವರೆ ಸಾವಿರ ಎಂದೆ. ಕಾಗದ ಬರೆದೆ. ರೈಫಲ್ಲಿನ ನಂಬರು, ಹಿಡಿಯ ಬಿರುಕು, ತೌಡಿನ ಮೂಟೆಗೆ ಹೊಡೆದ ಎರಡು ಗುಂಡು... ಎಲ್ಲವನ್ನೂ ಬರೆದೆ. ಮುದ್ದಯ್ಯ ಗೊಣಗಿಕೊಂಡೇ ಸಹಿ ಹಾಕಿದ. ಆಂಜನಪ್ಪ ಹಣ ತರಲು ಬ್ಯಾಂಕಿಗೆ ಹೋದ.

ಮುದ್ದಯ್ಯ ರೈಫಲ್ ಎತ್ತಿಕೊಂಡ. ಬಾಯಿಯ ಕಡೆ ನೋಡಿದ.

ಅಲ್ಲಿ ಹತ್ತಿಯ ಒಂದು ಎಳೆ ಗಾಳಿಗೆ ಅಲ್ಲಾಡುತ್ತಿತ್ತು!

“ಈ ಮುಳ್ಳು ನಿಮ್ಮ ಕೈಗೆ ಸಿಕ್ಕಿದೆ,” ಎಂದ ನಿಧಾನವಾಗಿ. “ಆದ್ರೂ ಕಾಗದದಲ್ಲಿ ಬರೀಲಿಲ್ಲ. ಯಾಕೆ ಸಾಬ್ರೇ?”

ಅವನು ಮೂಲೆಯಲ್ಲಿದ್ದ ಜೋಡುನಳಿಗೆ ಬಂದೂಕು ತೆಗೆದ. ನನ್ನ ಚೀಲದಿಂದ ಅರ ತೆಗೆದು ನನ್ನ ಕೈಗೇ ಕೊಟ್ಟ.

“ಜಿಂಕೆ ಅಂದ್ಕೊಂಡೆ ಕಣ್ರೀ. ಸಂಜೆ ಹೊತ್ತು. ಪೊದೆ ಹಿಂದೆ ಬಗ್ತು... ಎದ್ದಂಗಾಯ್ತು... ಮತ್ತೆ ಬಗ್ತು...”

ಅದು ಅಸರ್, ಇಳಿಹೊತ್ತಿನ ನಮಾಜಿನ ಹೊತ್ತು. ನನ್ನ ಮಗ ಹಣೆ ನೆಲಕ್ಕಿಟ್ಟು ಸಜ್ದಾದಲ್ಲಿದ್ದ.

“ಅವತ್ತೇ ಬಂದು ಹೇಳಿದ್ರೆ ಮಾಫ್ ಮಾಡ್ತಿದ್ದೆ ಕಣಯ್ಯಾ!”

“ಈಗ ಮಾಡಿ.”

“ನಿನ್ನ ಮಾಫ್ ಮಾಡ್ಬೋದು. ಬೀರಯ್ಯನ್ನ ಏನ್ಮಾಡ್ಲಿ?”

“ಅವನ ಹಣೆಬರ. ಉಜ್ಜಿ!”

ಉಜ್ಜಿದೆ.

ಅರದ ಪ್ರತಿ ಎಳೆತಕ್ಕೂ ಮಗನ ಹೆಸರು ಹೇಳಿಕೊಂಡೆ. ಅಂಚು ನುಣ್ಣಗಾಯಿತು. ಮುದ್ದಯ್ಯ ಬೆರಳಿಟ್ಟು ನೋಡಿ ತಲೆದೂಗಿದ.

“ಉಜ್ಜಿದ್ದು ನೀವು. ಸಾಕ್ಷಿ ಅಳಿಸಿದ್ದು ನೀವು. ಬಾಯಿ ಬಿಟ್ರೆ ಯಾರಯ್ಯ ನಂಬ್ತಾರೆ?”

ಹೊರಗೆ ಆಂಜನಪ್ಪನ ಜೀಪಿನ ಸದ್ದು ಕೇಳಿಸಿತು. ಬಂದೂಕು ಮೂಲೆಗೆ ಹೋಯಿತು. ಹಣ ಕೈ ಬದಲಾಯಿಸಿತು. ಲೈಸೆನ್ಸಿಗೆ ಬರೆಸಲು ರೈಫಲ್ಲನ್ನು ತುಮಕೂರಿಗೆ ಒಯ್ಯಬೇಕಿತ್ತು.

“ಸಾಬ್ರ ಫೀಸೆಷ್ಟು?” ಮುದ್ದಯ್ಯ ಕೇಳಿದ. ಈಗ ಅವನ ಮುಖದಲ್ಲಿ ನಗು.

“ದುಡ್ಡು ಬೇಡ. ಆ ತೂತಾಗಿರೋ ತೌಡಿನ ಮೂಟೇಲಿ ಒಂದು ಕೊಡಿ. ಮನೇಲಿ ಎಮ್ಮೆ ಐತೆ.”

ನನ್ನ ಮನೆಯಲ್ಲಿ ಎಮ್ಮೆ ಇರಲಿಲ್ಲ.

“ಮಗ ಹೋದ್ರೂ ಎಮ್ಮೆ ಚಿಂತೆ ಬುಡ್ಲಿಲ್ಲ ನೋಡು! ತಗೊಳ್ರೀ.”

ನಾಲ್ಕನೆಯ ಮೂಟೆಯನ್ನೇ ಹೊರಿಸಿದೆ. ಅದಕ್ಕೆ ಮುಂದೆ ತೂತಿತ್ತು, ಹಿಂದೆ ಇರಲಿಲ್ಲ. ಗುಂಡುಗಳು ಅದರೊಳಗೇ ಇದ್ದವು. ಅಂಚು ಉಜ್ಜುವ ಮೊದಲು ಹೊಡೆದ ಗುಂಡುಗಳು!

ಜೀಪು ಗೇಟು ದಾಟಿತು. ಹಿಂತಿರುಗಿ ನೋಡಿದೆ.

ತೂತಿನಿಂದ ತೌಡು ಸುರಿಯುತ್ತಿತ್ತು. ಮಿಲ್ಲಿನ ಅಂಗಳದಿಂದ ಜೀಪಿನವರೆಗೆ ಒಂದು ಹಳದಿ ಗೆರೆ. ಮುದ್ದಯ್ಯ ಆ ಗೆರೆಯನ್ನೇ ನೋಡುತ್ತ ನಿಂತಿದ್ದ.

ಅವನ ನಗು ನಿಂತಿತು.

ಒಳಗಿನ ಬಂದೂಕು ಎತ್ತಿಕೊಂಡು ಓಡಿದ... ತನ್ನ ಜೀಪಿನ ಕಡೆಗೆ!

“ಜೋರಾಗಿ ಹೊಡೀರಿ ಆಂಜನಪ್ನೋರೇ!”

“ಮುದ್ದಯ್ಯ ಲೈಟ್ ಹಾಕ್ತಾವ್ನಲ್ರೀ, ಏನೋ ಮರ್ತವ್ನೆ...”

“ನಿಲ್ಲಿಸ್ಬೇಡಿ! ನನ್ನ ಮಗನ್ನ ಕೊಂದವ್ನು ಅವ್ನೇ!”

ಆಂಜನಪ್ಪ ತಿರುಗಿ ಒಮ್ಮೆ ನನ್ನ ಮುಖ ನೋಡಿದ. ಆಕ್ಸಿಲರೇಟರ್ ತುಳಿದ.

ನಾನು ಹಿಂದಕ್ಕೆ ಹಾರಿ ತಲೆಯ ಟೋಪಿ ತೆಗೆದು ತೂತಿಗೆ ತುರುಕಿದೆ. ಢಂ! ಚರೆಗಳು ನಮ್ಮ ಜೀಪಿನ ತಗಡಿಗೆ ಬಡಿದವು. ಒಂದೆರಡು ನನ್ನ ಎಡಭುಜ ಹೊಕ್ಕವು. ಬಿಸಿ ರಕ್ತ ಮೊಣಕೈವರೆಗೆ ಇಳಿಯಿತು.

ಅವನ ಜೀಪು ಇಪ್ಪತ್ತು ಗಜ ಹಿಂದೆ... ಹದಿನೈದು...

ಜೇಬಿನಲ್ಲಿ ಮೂರನೆಯ ತೋಟಾ ಇತ್ತು.

ರೈಫಲ್ಲಿಗೆ ತುಂಬಿದೆ. ಎತ್ತಿದೆ. ಗುರಿಯ ತುದಿಯಲ್ಲಿ ಮುದ್ದಯ್ಯನ ಹಣೆ. ಅದೇ ರೈಫಲ್! ಒಂದು ವರ್ಷ ನಿದ್ದೆಯಿಲ್ಲದೆ ನಾನು ದೇವರಲ್ಲಿ ಬೇಡಿದ್ದು ಇದನ್ನೇ ಅಲ್ಲವೇ?

ಆದರೆ ಮುದ್ದಯ್ಯ ಸತ್ತರೆ ನಾನೂ ಕೊಲೆಗಾರ. ಕೊಲೆಗಾರನ ಮಾತನ್ನು ಯಾವ ಕೋರ್ಟು ಕೇಳುತ್ತದೆ? ಬೀರಯ್ಯನ ಪಾಡೇನು?

ಬಿಸ್ಮಿಲ್ಲಾ ಎಂದು ನಳಿಗೆ ಕೆಳಗಿಳಿಸಿದೆ. ಹೊಡೆದೆ.

ಗುಂಡು ಅವನ ರೇಡಿಯೇಟರಿನ ನಟ್ಟನಡುವೆ ಹೊಕ್ಕಿತು. ಹಬೆ ಭುಸ್ಸೆಂದು ಎದ್ದು ಗಾಜು ಮುಚ್ಚಿತು. ಜೀಪು ಅಡ್ಡಾದಿಡ್ಡಿ ಓಡಿ ಚರಂಡಿಗೆ ಇಳಿಯಿತು.

ಅಂಚು ಉಜ್ಜಿದ ಮೇಲೆ ಗುರಿ ನೆಟ್ಟಗಾಗಿತ್ತು. ಬೆಲೆ ಐನೂರು ಏರಿಸಬಹುದಿತ್ತು!

ಮೂರಕ್ಕೆ ಹತ್ತು ನಿಮಿಷ ಇರುವಾಗ ಮೂಟೆ ಹೊತ್ತು ಕೋರ್ಟು ಹೊಕ್ಕೆ. ತೋಳಿನಿಂದ ರಕ್ತ, ಗಡ್ಡದ ತುಂಬ ತೌಡು. ಡವಾಲಿ ಹಾಕಿದ ಜವಾನ ತಡೆದ.

“ಏಯ್ ಮುದ್ಕ, ಇದೇನು ಸಂತೇನಾ?”

ಜಡ್ಜು ಕೈ ಸನ್ನೆ ಮಾಡಿದರು. ನನ್ನ ಮಾತು ಕೇಳಿದರು, ಮುದ್ದಯ್ಯ ಸಹಿ ಹಾಕಿದ ಕಾಗದ ಓದಿದರು. ನೆಲದ ಮೇಲೆ ಬಟ್ಟೆ ಹಾಸಿ ಮೂಟೆ ಸುರಿಸಿದರು. ತೌಡಿನ ರಾಶಿಯಲ್ಲಿ ಎರಡು ಗುಂಡು ಸಿಕ್ಕವು. ಭೂತಗನ್ನಡಿ ಹಿಡಿದು ಹಳೆಯ ಗುಂಡಿನ ಪಕ್ಕ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು... ಮೂರರ ಮೇಲೂ ಅದೇ ಗೀರು!

ವಾದ ನಿಂತಿತು. ಗುಂಡುಗಳು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು. ಎರಡು ತಿಂಗಳಿಗೆ ಬೀರಯ್ಯ ಹೊರಗೆ ಬಂದ, ಮುದ್ದಯ್ಯ ಒಳಗೆ ಹೋದ. ಕದರಮ್ಮ ಮಗನನ್ನು ಮನೆಗೆ ಕರೆದುಕೊಂಡು ಹೋದಳು. ನಾನು ಒಬ್ಬನೇ ಮನೆಗೆ ಹೋದೆ.

ಕೋರ್ಟಿನ ಆ ಸಂಜೆ ಸಬ್ ಇನ್‌ಸ್ಪೆಕ್ಟರು ರೈಫಲ್ಲನ್ನು ವಶಕ್ಕೆ ತೆಗೆದುಕೊಂಡು ಮಹಜರು ಬರೆಯುತ್ತ ಕೂತಿದ್ದರು. ಒಂದು ಕಡೆ ಪೆನ್ನು ನಿಂತಿತು.

“ಸಾಬ್ರೇ, ಅಂದಾಜು ಬೆಲೆ ಅಂತ ಒಂದು ಕಾಲಂ ಐತೆ. ಎಷ್ಟು ಬರೀಲಿ?”

“ಮೂರೂವರೆ ಸಾವ್ರ ಬರ್ಕೊಳಿ ಸ್ವಾಮಿ,” ಎಂದೆ. “ಅದಕ್ಕಿಂತ ಹೆಚ್ಚು ಕೊಟ್ಟವ್ನು ನಾನೊಬ್ನೇ.”