ಹತ್ತೊಂಬತ್ತು ನಂಬರಿನ ಪಾನಾ

"ಎಂಟು ತಿಂಗಳ ಲೆಕ್ಕ ಒಂದು ಗಳಿಗ್ಯಾಗ ಹೆಂಗ ಸುಳ್ಳಾತು?"

ಭುವನೇಶ್ವರಿ ಮೇಡಂ ಇದನ್ನು ಯಾರನ್ನೂ ಕೇಳಲಿಲ್ಲ. ಕಿತ್ತು ಬಿದ್ದ ಬಸ್ಸಿನ ಸೀಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬರಿಯ ಗಾಳಿಗೆ ಅಂದರು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಆಟೋ ಮಕಬೂಲಸಾಬನ ಕಿವಿಗೆ ಮಾತು ಬಿತ್ತು. ಅವನ ಎದೆಯಲ್ಲೂ ಅಂಥದೇ ಮುಳ್ಳೊಂದು ಮುರಿದಿತ್ತು. ಅವನ ತಂಗಿ ದಾವಲಬಿಯ ಮಗ ಫಾರೂಕ ಅಲ್ಲೇ ಕಂಬಕ್ಕೆ ಒರಗಿ ಮುಖ ಮುಚ್ಚಿಕೊಂಡಿದ್ದ. ಆ ಸೀಟಿನ ಬೋಲ್ಟುಗಳನ್ನು ಬಿಗಿದವನು ಅವನೇ.

ಅದು ೨೦೦೪ರ ದಸರೆ ಮುಗಿದ ಸೋಮವಾರ. ಮೇಡಂ ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು. ಎರಡು ವರ್ಷದ ಹಿಂದೆ ಕಲಘಟಗಿ ದಾರಿಯಲ್ಲಿ ಒಂದು ಬಸ್ಸು ಮರಕ್ಕೆ ಬಡಿದು ಒಂಬತ್ತು ಜನ ಸತ್ತಿದ್ದರು. ಸೀಟುಗಳು ಕಿತ್ತು ಒಂದರ ಮೇಲೊಂದು ಬಿದ್ದದ್ದೇ ಸಾವಿಗೆ ಕಾರಣವೆಂದು ಮೇಡಂ ಅಂದುಕೊಂಡಿದ್ದರು. ತಪ್ಪು ಡ್ರೈವರನದೆಂದು ಪೊಲೀಸರು ಬರೆದಿದ್ದರು, ಅವನ ಕೇಸು ಇನ್ನೂ ಕೋರ್ಟಿನಲ್ಲಿತ್ತು. ಅಂದಿನಿಂದ ಮೇಡಂ, ಎಂಥ ಹೊಡೆತಕ್ಕೂ ಕೀಳದ ಸೀಟಿನ ಬೆನ್ನು ಹತ್ತಿದ್ದರು. ತಾರಿಹಾಳದಲ್ಲಿ ಬಸ್ಸಿನ ಬಾಡಿ ಕಟ್ಟುವ ನೀಲಕಂಠಪ್ಪ ಎಂಟು ತಿಂಗಳ ಹಿಂದೆ ತನ್ನ ಶೆಡ್ಡಿನ ಒಂದು ಬದಿ ಬಿಟ್ಟುಕೊಟ್ಟಿದ್ದ. ಅಲ್ಲಿ ಇಳಿಜಾರಿನಲ್ಲಿ ಹಳಿ ಹಾಕಿ, ಹಳಿಯ ಮೇಲೊಂದು ಟ್ರಾಲಿ ಇಟ್ಟು, ಟ್ರಾಲಿಗೆ ಸೀಟು ಬಿಗಿದು, ಸೀಟಿನಲ್ಲಿ ಅರವತ್ತು ಕಿಲೋ ಮರಳಿನ ಚೀಲಕ್ಕೆ ಅಂಗಿ ತೊಡಿಸಿ ಕೂಡಿಸಿದ್ದರು. ಕೆಲಸದವರು ಆ ಚೀಲಕ್ಕೆ 'ಬೀಗರು' ಎಂದು ಹೆಸರಿಟ್ಟಿದ್ದರು. ಟ್ರಾಲಿ ಜಾರಿ ಹೋಗಿ ಕೆಳಗಿನ ಕಾಂಕ್ರೀಟ್ ಗೋಡೆಗೆ ಬಡಿದಾಗ ಬೀಗರು ಕೂತಲ್ಲೇ ಕೂತಿರಬೇಕು, ಅದೇ ಪರೀಕ್ಷೆ.

ಆ ಮುಂಜಾನೆ ಬೀಗರು ಕೂಡಲಿಲ್ಲ. ಸೀಟಿನ ಸಮೇತ ಹಾರಿ, ಬದಿಗೆ ಕೆಂಪು ಬಾವುಟ ಹಿಡಿದು ನಿಂತಿದ್ದ ಕಾವಲುಗಾರ ಶಿದ್ದಪ್ಪನ ಕಾಲು ಮುರಿದರು.

"ಸರಳ ಐತ್ರಿ," ಎಂದ ನೀಲಕಂಠಪ್ಪ, ಕೈಯಲ್ಲೊಂದು ಮಡಿಸಿದ ಕಾಗದ ಹಿಡಿದು. "ಫಾರೂಕ ತಪ್ಪು ಬೋಲ್ಟ್ ಹಾಕ್ಯಾನ. ಮನಷ್ಯಾನ ಕಾಲು ಹೋಗೇತಿ. ನಾ ಕಂಪ್ಲೇಂಟ್ ಬರದೇನಿ."

"ಬರದಿದ್ರ ಇರಲಿ ಸಾವಕಾರ್ರ. ಬುಧವಾರತನಕ ಕಿಸೇದಾಗ ಇಟ್ಕೋರಿ," ಎಂದರು ಶಾಂತಯ್ಯ.

ಉಣಕಲ್ಲಿನ ಶಾಂತಯ್ಯನವರು ಬ್ರೇಕ್ ಇನ್‌ಸ್ಪೆಕ್ಟರ್ ಆಗಿ ಮೂವತ್ತು ವರ್ಷ ಸವೆಸಿ, ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು. ನುಜ್ಜುಗುಜ್ಜಾದ ಗಾಡಿಯ ಮುಂದೆ ನಿಂತರೆ ಅದು ಅವರಿಗೆ ತನ್ನ ಕತೆ ತಾನೇ ಹೇಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮಕಬೂಲಸಾಬ ಸಂಜೆಗೆ ಅವರನ್ನು ಮಠದ ಪುರಾಣಕ್ಕೆ ಕರೆದೊಯ್ದು, ತಾನೂ ಕಂಬದ ಮರೆಯಲ್ಲಿ ಕೂತು ಕೇಳಿ ಮನೆಗೆ ಬಿಡುವವನು. ಹತ್ತು ವರ್ಷದ ರೂಢಿ ಅದು. ಈ ದಿನ ಮೊದಲ ಸಲ ಅವನು ಅವರಲ್ಲಿ ತನಗಾಗಿ ಏನನ್ನಾದರೂ ಕೇಳಿಕೊಂಡಿದ್ದ, ಒಮ್ಮೆ ಬಂದು ಆ ಸೀಟು ನೋಡಿರೆಂದು.

ಅಯ್ಯನವರು ಮುರಿದ ಬೋಲ್ಟಿನ ತಲೆಯೊಂದನ್ನು ಎತ್ತಿ ನೋಡಿದರು. ಅದರ ಮೇಲೆ ಏನೂ ಬರೆದಿರಲಿಲ್ಲ.

"ಗಟ್ಟಿ ಬೋಲ್ಟಿನ ತಲಿಮ್ಯಾಲ ಎಂಟು ಪಾಯಿಂಟ್ ಎಂಟು ಅಂತ ಅಂಕಿ ಇರತೈತಿ. ಇವು ಮೆತ್ತನ್ವು," ಎಂದರು. "ಫಾರೂಕ, ನೀ ಹಾಕಿದ್ದು ಯಾವುವು?"

"ಅಂಕಿ ಇದ್ದವರೀ ಅಯ್ಯಾರ. ಅಮ್ಮೀ ಕಸಮ್."

ಮೇಡಂ ತಲೆ ಎತ್ತಿದರು. "ಖರೇ ಹೇಳ್ತಾನ್ರಿ. ಗುರುವಾರ ಸಂಜೀಕ ನಾಲ್ಕೂ ನಾನ ನೋಡಿ ವಹಿಯೊಳಗ ಬರಕೊಂಡೇನಿ. ಶೆಡ್ಡಿಗೆ ಕೀಲಿ ಹಾಕೂತನಕ ಇಲ್ಲೇ ಇದ್ದೆ. ಆದ್ರ ಇವತ್ತ ಮುಂಜಾನೆ ಮತ್ತೊಮ್ಮೆ ನೋಡಲಿಲ್ಲ. ಅದು ನನ್ನ ತಪ್ಪು."

ಮೇಡಂ ಫಾರೂಕನ ಕಡೆಯವರೆಂದು ನೀಲಕಂಠಪ್ಪ ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಕಲ್ಲೇಶ ಮೇಸ್ತ್ರಿ ಚಹಾ ತಂದ. ಹದಿನೆಂಟು ವರ್ಷದಿಂದ ಈ ಶೆಡ್ಡಿನ ಬಸ್ಸುಗಳಿಗೆ ಸೀಟು ಕೂಡಿಸಿದ ಕೈ ಅವನದು. ಹೋದ ವಾರ ತಗಡು ಕೊಯ್ದು ಬಲಗೈಯ ಉಂಗುರ ಬೆರಳಿಗೆ ದಪ್ಪ ಬ್ಯಾಂಡೇಜು ಬಿದ್ದಿದ್ದರಿಂದ ಬಸಿಯನ್ನು ಎಡಗೈಯಲ್ಲಿ ಹಿಡಿದಿದ್ದ. ಅವನ ಹಿಂದೆ ಬಂದ ವಿನೋದ ನೀಲಕಂಠಪ್ಪನಿಗೆ ಹಳೆಯ ಮಾದರಿಯ ಸೀಟು ಪೂರೈಸುವ ಕಂಪನಿಯ ಏಜೆಂಟ. ಮೇಡಂನ ಸೀಟು ಗೆದ್ದರೆ ಅವನ ವ್ಯಾಪಾರಕ್ಕೆ ಪೆಟ್ಟು.

"ವಿನೋದ, ಆ ಹತ್ತೊಂಬತ್ತು ನಂಬರ್ ಪಾನಾ ಕೊಡಪಾ," ಎಂದರು ಅಯ್ಯನವರು, ನಟ್ಟು ತಿರುವುವವರಂತೆ ಟ್ರಾಲಿಯ ಪಕ್ಕ ಮಲಗುತ್ತ.

ವಿನೋದ ಕೊಟ್ಟ.

"ಇದು ಇಪ್ಪತ್ತೊಂದು."

"ಎಲ್ಲಾ ಒಂದ ನಮೂನಿ ಕಾಣತಾವಲ್ರಿ!" ಎಂದು ಅವನು ನಕ್ಕ. ಕಲ್ಲೇಶ ತಾನೇ ಹುಡುಕಿ ಸರಿಯಾದದ್ದನ್ನು ಕೊಟ್ಟ. ಅಯ್ಯನವರು ಅದನ್ನು ಬಳಸಲಿಲ್ಲ. ಬಹಳ ಹೊತ್ತು ನೋಡಿ, ವಸ್ತ್ರದಲ್ಲಿ ಸುತ್ತಿ ಮಕಬೂಲಸಾಬನ ಕೈಗಿತ್ತರು.

"ನಿನ್ನ ಆಟೋದ ಕನ್ನಡಿ ಬಿಚ್ಚಿ ತಾರೋ."

ಕನ್ನಡಿಯನ್ನು ಟ್ರಾಲಿಯ ಹೊಟ್ಟೆಯ ಕೆಳಗೆ ಹಿಡಿದರು. ಬೋಲ್ಟಿನ ತಲೆಗಳು ಹಾರಿಹೋಗಿದ್ದರೂ ನಾಲ್ಕು ನಟ್ಟುಗಳು ಅಲ್ಲೇ ಕಚ್ಚಿಕೊಂಡಿದ್ದವು. ನಟ್ಟಿನ ಮೂಲೆಮೂಲೆಗಳಲ್ಲಿ ಎಣ್ಣೆ ಬೆರೆತ ಕೆಂಪು.

"ಕುಂಕುಮ," ಎಂದ ಮಕಬೂಲಸಾಬ.

"ಅದರಾಗೇನೈತ್ರಿ!" ಎಂದ ನೀಲಕಂಠಪ್ಪ. "ಶುಕ್ರವಾರ ಖಂಡೆ ಪೂಜಾಕ್ಕ ಹತ್ಯಾರಕ್ಕೆಲ್ಲಾ ಹಚ್ಚಿದ್ವಿ. ಟ್ರಾಲಿಗೂ ಹಚ್ಚೇವಿ."

"ಟ್ರಾಲಿ ಹಣಿಗೆ ಹಚ್ಚೀರಿ. ಹೊಟ್ಟಿ ಕೆಳಗ ಮಲಗಿ ನಟ್ಟಿಗೆ ಹಚ್ಚಿದ್ರೇನ್ರಿ, ಅಷ್ಟು ಭಕ್ತಿ?"

ನೀಲಕಂಠಪ್ಪ ಬಾಗಿ ಕನ್ನಡಿಯೊಳಗೆ ತಾನೂ ನೋಡಿದ.

ಅಲ್ಲಿಂದ ಆಸ್ಪತ್ರೆಗೆ ಹೋದರು. ಶಿದ್ದಪ್ಪನ ಕಾಲಿಗೆ ಪ್ಲಾಸ್ಟರ್ ಹಾಕಿ ಮೇಲೆ ತೂಗು ಹಾಕಿದ್ದರು.

"ಬೀಗರ ಕಾಟ ಕೇಳಿದ್ದೆ ಅಯ್ಯಾರ, ಕಾಲು ಮುರಿಯೂ ಬೀಗರನ್ನ ಕಂಡಿರಲಿಲ್ಲ," ಎಂದು ನೋವಿನಲ್ಲೂ ನಕ್ಕ. ಆಮೇಲೆ ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟ. ಶುಕ್ರವಾರ ಮುಂಜಾನೆ ಶೆಡ್ಡಿನ ಒಂದೊಂದು ಹತ್ಯಾರವನ್ನೂ ತೊಳೆದು, ಮಣೆಗಳ ಮೇಲೆ ಜೋಡಿಸಿ, ಸಾವಕಾರ ತನ್ನ ಕೈಯಾರೆ ವಿಭೂತಿ ಕುಂಕುಮ ಹಚ್ಚಿದ್ದ. ಶನಿವಾರ ಮುಂಜಾನೆ ಹತ್ಯಾರ ಎತ್ತುವ ತನಕ ಅವುಗಳ ಮುಂದಿನ ದೀಪ ಆರಬಾರದು. ಆ ತನಕ ಯಾರೂ ಮುಟ್ಟುವಂತಿಲ್ಲ. ಹಿಂದೂ ಇರಲಿ ಮುಸಲ್ಮಾನ ಇರಲಿ, ಶೆಡ್ಡಿನ ಕಟ್ಟಳೆ ಎಲ್ಲರಿಗೂ ಒಂದೇ.

"ದೀಪಕ್ಕ ಎಣ್ಣಿ ಹಾಕಾಕ ಶುಕ್ರವಾರ ಮಧ್ಯಾಹ್ನ ಸಾವಕಾರ್ರು ಬಂದಿದ್ರು. ಸಂಜೀಕ ಮೇಸ್ತ್ರಿ ಬಂದಿದ್ದ. ನಡುವ ಸೀಟಿನ ವಿನೋದ ಪ್ರಸಾದಕ್ಕ ಬಂದ. ಒಬ್ಬೊಬ್ರ ಒಳಗ ಹೋದ್ರು. ಮತ್ತ ಯಾರೂ ಇಲ್ರಿ."

"ಫಾರೂಕ?"

"ಅಂವ ಪೂಜಾ ಮುಗಿದ ಕೂಡ್ಲೆ ಮಾಮೂನ ಆಟೋದಾಗ ಗದಗಿಗೆ ಹೋದ್ನಲ್ರಿ, ಮದಿವಿಗೆ."

"ಹೌದ್ರಿ. ರವಿವಾರ ರಾತ್ರಿ ತಿರಿಗಿ ಬಂದ್ವಿ," ಎಂದ ಮಕಬೂಲಸಾಬ. ಆದರೆ ಅವನ ಮುಖ ಇಳಿದಿತ್ತು. ಹೊರಗೆ ಬಂದಮೇಲೆ ಅಂದ: "ಅಯ್ಯಾರ, ಇವತ್ತ ಮುಂಜಾನೆ ಲಗೂ ಬಂದು ಬದಲಿ ಮಾಡ್ಯಾನ ಅಂತ ಅಂದ್ರ? ಕುಂಕುಮ ಆಗೂ ಪಾನಾಕ್ಕ ಇತ್ತಲ್ರಿ."

"ಅಂತಾರ. ಅದಕ್ಕ ಉತ್ತರ ನಿನ್ನ ಕೈಯಾಗಿನ ವಸ್ತ್ರದಾಗ ಐತಿ. ಬಿಚ್ಚಬ್ಯಾಡ."

ಬುಧವಾರ ಮುಂಜಾನೆ ಎಲ್ಲರೂ ಶೆಡ್ಡಿನಲ್ಲಿ ಕೂಡಿದರು. ಅಯ್ಯನವರ ಮಾತಿನಂತೆ ಮೇಡಂ ಹೊಸ ಸೀಟೊಂದನ್ನು ಟ್ರಾಲಿಗೆ ಬಿಗಿಸಿದ್ದರು. ಈ ಸಲ ಬೋಲ್ಟಿನ ಅಂಕಿಯನ್ನು ಒಂದೊಂದಾಗಿ ಬೆರಳಿಟ್ಟು ಓದಿದ್ದರು. ಬೀಗರು ತಮ್ಮ ಅಂಗಿಯಲ್ಲಿ ಮೇಲೆ ಕೂತಿದ್ದರು. ಹಳಿಯ ಸಮೀಪ ಯಾರನ್ನೂ ಬಿಟ್ಟಿರಲಿಲ್ಲ.

ಅಯ್ಯನವರು ವಸ್ತ್ರ ಬಿಚ್ಚಿ ಪಾನಾ ಮಣೆಯ ಮೇಲಿಟ್ಟರು. ಪಕ್ಕದಲ್ಲಿ ಬೇರೆ ಹತ್ತು ಪಾನಾಗಳನ್ನು ಸಾಲಾಗಿ ಇಡಿಸಿದರು. ಹಬ್ಬದ ಮೇಲೆ ಅವನ್ನು ಯಾರೂ ಬಳಸಿರಲಿಲ್ಲ, ಪೂಜೆಯ ಗುರುತು ಎಲ್ಲದರ ಮೇಲೂ ಇನ್ನೂ ಇತ್ತು.

"ನಟ್ಟಿಗೆ ಹತ್ತಿದ ಕುಂಕುಮ ಏನ್ ಹೇಳ್ತು? ಪೂಜಾ ಆದಮ್ಯಾಲ ಯಾರೋ ಈ ಹತ್ತೊಂಬತ್ತು ನಂಬರಿನಿಂದ ಬೋಲ್ಟ್ ಬದಲಿ ಮಾಡ್ಯಾರ. ಅದು ಶುಕ್ರವಾರ ಇರಬಹುದು, ಸೋಮವಾರ ಇರಬಹುದು. ಈಗ ವಿಭೂತಿ ನೋಡ್ರಿ. ಈ ಹತ್ತಕ್ಕೂ ಮೂರು ಬೆರಳು ಕೂಡಿಸಿ ಒಮ್ಮೆಲೆ ಎಳದದ್ದು. ಮೂರೂ ಗೆರಿ ಒಂದ ಕಡೆ ಹುಟ್ಟಿ ಒಂದ ಕಡೆ ಮುಗೀತಾವ. ಸಾವಕಾರ್ರ ಕೈ. ಇದರ ಮ್ಯಾಲ?"

ಮೇಡಂ ಬಾಗಿ ನೋಡಿದರು. "ಎರಡು ಜೋಡಿ. ಮೂರನೇದು ಹಿಂದ ಶುರು ಆಗಿ ಮುಂದ ಹೋಗೇತಿ. ಬ್ಯಾರೆ ಎಳದಾರ."

"ಹೌದು. ಹಿಡಿದು ತಿರುವಿದಾಗ ಕೈಗೆ ಮೊದಲಿನ ವಿಭೂತಿ ಅಳಿಸಿ ಹೋತು. ಯಾರೋ ಮತ್ತ ಹಚ್ಚಿದ್ರು. ಯಾವಾಗ ಹಚ್ಚಬೇಕಾಗತೈತಿ? ಹತ್ಯಾರ ಎತ್ತಿದ ಮ್ಯಾಲ ವಿಭೂತಿ ಅಳಿಸಿದ್ರ ಯಾರೂ ಕೇಳೂದಿಲ್ಲ. ಪೂಜಾದಾಗ ಇದ್ದಾಗ ಅಳಿಸಿದ್ರ ಮಾತ್ರ ಮಂದಿ ಕಣ್ಣಿಗೆ ಬೀಳತೈತಿ. ಮನಸಿಗೂ ಚುಚ್ಚತೈತಿ. ಅಂದ್ರ ಶುಕ್ರವಾರ ಪೂಜಾ ಮುಗಿದು ಶನಿವಾರ ಎತ್ತೂದರೊಳಗ. ಆಗ ಫಾರೂಕ ಗದಗಿನ ಮದಿವ್ಯಾಗ ಊಟ ಬಡಸಾಕತ್ತಿದ್ದ."

ಮಕಬೂಲಸಾಬ ಕಣ್ಣು ಮುಚ್ಚಿಕೊಂಡ. ನೀಲಕಂಠಪ್ಪ ಕಿಸೆಯ ಕಾಗದ ತೆಗೆದು ಹರಿದ.

"ಉಳಿದವರು ಮೂರು ಮಂದಿ," ಎಂದು ಅಯ್ಯನವರು ತೊಳೆದ ಮೂರು ಪಾನಾ ಇಟ್ಟು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದರು. "ಹಚ್ಚರಿ."

ನೀಲಕಂಠಪ್ಪ ಮೂರು ಬೆರಳು ಅದ್ದಿ ಒಂದೇ ಎಳೆತಕ್ಕೆ ಎಳೆದ. ವಿನೋದ ತೋರುಬೆರಳೊಂದರಿಂದ ಮೂರನ್ನೂ ಬಿಡಿಬಿಡಿಯಾಗಿ, ಶಾಲೆ ಹುಡುಗ ಗೆರೆ ಹೊಡೆದಂತೆ ಹೊಡೆದ. "ನಮ್ಮ ಮನ್ಯಾಗ ಇದು ಇಲ್ರಿ," ಎಂದ.

"ಪಾನಾದ ನಂಬರೂ ನಿನಗ ಗೊತ್ತಿಲ್ಲ. ಸರಿ ನೀ ಆ ಕಡೆ," ಎಂದರು ಅಯ್ಯನವರು. "ಕಲ್ಲೇಶ?"

ಕಲ್ಲೇಶ ಕದಲಲಿಲ್ಲ. "ಕೈಗೆ ಗಾಯ ಐತ್ರಿ."

"ಗೊತ್ತೈತಿ. ಅದಕ್ಕ ಕೇಳಿದ್ದು. ಉಂಗುರ ಬೆರಳು ಕಟ್ಟಿದವ ಎರಡು ಬೆರಳಿಂದ ಎರಡು ಎಳೀತಾನ, ಮೂರನೇದಕ್ಕ ಮತ್ತ ಕೈ ಎತ್ತತಾನ. ಕೆಟ್ಟದ್ದು ಮಾಡಾಕ ನಿನಗ ಕೈ ಬಂತು ತಮ್ಮಾ, ಪೂಜಾದ ಹತ್ಯಾರ ಬರೀ ಮೈಯಾಗ ಬಿಡಾಕ ಬರಲಿಲ್ಲ."

"ಎರಡು ಗೆರಿ ಇಟ್ಟು ಮನಷ್ಯಾನ್ನ ತೂಗತೀರೇನ್ರಿ ಅಯ್ಯಾರ?" ಕಲ್ಲೇಶನ ದನಿ ಗಡುಸಾಗಿತ್ತು. "ಆ ಸೀಟ ಸುಳ್ಳು. ಎಂಥಾ ಬೋಲ್ಟ್ ಹಾಕಿದ್ರೂ ಹರಕೊಂಡು ಹೋಗತೈತಿ. ಯಾವ ಸೀಟೂ ತಡೆಯೂದಿಲ್ಲ."

ಅಯ್ಯನವರು ವಾದಿಸಲಿಲ್ಲ. ಮೇಡಂ ಕಡೆ ತಿರುಗಿದರು. "ಬಿಡ್ರಿ."

ಮೇಡಂ ಕೊಕ್ಕೆ ಎಳೆದರು. ಟ್ರಾಲಿ ಗಡಗಡನೆ ಇಳಿದು ಗೋಡೆಗೆ ಬಡಿಯಿತು. ತಗಡಿನ ಸೂರು ನಡುಗಿತು, ಧೂಳೆದ್ದಿತು. ಅಡಗಿದ ಮೇಲೆ ನೋಡಿದರೆ ಅಂಗಿಯ ಒಂದು ಗುಂಡಿ ಕಿತ್ತಿತ್ತು. ಬೀಗರು ಕೂತಲ್ಲೇ ಕೂತಿದ್ದರು.

ಕಲ್ಲೇಶ ಹಳಿಯವರೆಗೆ ನಡೆದು ಹೋದ. ಸೀಟಿನ ಕಾಲನ್ನು ಹಿಡಿದು ಅಲುಗಾಡಿಸಿದ. ಮತ್ತೊಮ್ಮೆ ಅಲುಗಾಡಿಸಿದ. ಆಮೇಲೆ ಅದನ್ನು ಹಿಡಿದುಕೊಂಡೇ ನೆಲಕ್ಕೆ ಕೂತ.

"ಕಲಘಟಗಿ ದಾರ್ಯಾಗಿನ ಬಸ್ಸು ನಾನ ಕಟ್ಟಿದ್ದು," ಎಂದ. "ಪ್ಲೈವುಡ್ಡಿಗೆ ಬರೀ ತಿರುಪಿನಮೊಳಿ ಹೊಡದು ಸೀಟ ಕೂಡಿಸಿದ್ದೆ. ಒಂಬತ್ತು ಮಂದಿ ರೀ. ಎರಡು ವರ್ಷದಿಂದ ಒಂದ ಬೇಡಕೊಂಡೇನಿ, ಅವತ್ತ ಯಾವ ಸೀಟ ಇದ್ರೂ ಅವರು ಉಳೀತಿರಲಿಲ್ಲ ಅಂತ ಯಾರರೆ ಹೇಳಲಿ ಅಂತ. ಮೇಡಮ್ಮಾರ ಸೀಟೂ ಕಿತ್ತು ಹೋದ್ರ ನಾ ಉಸಿರಾಡಬಹುದು ಅಂದ್ಕೊಂಡೆ. ಶಿದ್ದಪ್ಪ ಅಷ್ಟು ಸಮೀಪ ನಿಂತಿರತಾನ ಅಂತ ತಿಳೀಲಿಲ್ಲ. ಫಾರೂಕನ ಮ್ಯಾಲ ಬರತೈತಿ ಅಂತನೂ..." ಬುತ್ತಿಯ ಚೀಲಕ್ಕೆ ಕೈ ಹಾಕಿ ಅರಿವೆಯ ಗಂಟೊಂದು ತೆಗೆದ. ಅದರಲ್ಲಿ ಅಂಕಿ ಇದ್ದ ನಾಲ್ಕು ಬೋಲ್ಟುಗಳಿದ್ದವು. ಎಸೆಯಲು ಅವನಿಗೆ ಕೈ ಬಂದಿರಲಿಲ್ಲ.

ಫಾರೂಕ ಎದ್ದು ಬಂದು ಅವನೆದುರು ನಿಂತ. ಬೈಯುತ್ತಾನೆಂದುಕೊಂಡ ಮಕಬೂಲಸಾಬ. ಹುಡುಗ ಬೈಯಲಿಲ್ಲ. "ನನಗ ಪಾನಾ ಹಿಡಿಯೂದು ಕಲಿಸಿದವರು ನೀವ ಅಲ್ಲೇನ್ರಿ ಮೇಸ್ತ್ರಿ?" ಎಂದಷ್ಟೇ ಅಂದು ಬೋಲ್ಟುಗಳನ್ನು ಇಸಿದುಕೊಂಡ.

"ತಿರುಪಿನಮೊಳಿ ಹೊಡಿ ಅಂದವರು ಯಾರು?" ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

ಕಲ್ಲೇಶ ತಲೆ ಎತ್ತಿ ನೀಲಕಂಠಪ್ಪನ ಕಡೆ ನೋಡಿದ. ಎಲ್ಲರೂ ನೋಡಿದರು.

ನೀಲಕಂಠಪ್ಪ ಬಂದು ಮೇಸ್ತ್ರಿಯ ಪಕ್ಕ, ಆ ಧೂಳಿನಲ್ಲೇ, ಮಂಡಿಯೂರಿದ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹಾಗೆ ಕೂತಿರಲಿಲ್ಲ.

"ಕಲ್ಲೇಶಾ, ಕೇಳಿಲ್ಲೆ. ಬೋಲ್ಟ್ ಬದಲಿ ಮಾಡಿದ್ದು ಒಪ್ಪಿಕೋ, ಅದು ಗಾಬರ್ಯಾಗ ಆತು ಅಂದ್ರ ಆತು. ಶಿದ್ದಪ್ಪನ ಕಾಲು ನಾ ನೋಡಕೋತೇನಿ. ನಿನ್ನ ಕೆಲಸಾನೂ ಹೋಗೂದಿಲ್ಲ. ಆ ಬಸ್ಸಿನ ಮಾತು ಮಾತ್ರ ಎಲ್ಲೂ ಎತ್ತಬ್ಯಾಡ. ಕೋರ್ಟಿನ್ಯಾಗ ಡ್ರೈವರನ ತಪ್ಪು ಅಂತ ಇದ್ದದ್ದು ಹಂಗ ಇರಲಿ. ನಿನಗ ಕೈ ಮುಗೀತೇನಿ."

ಕಲ್ಲೇಶ ಎದ್ದು ನಿಂತ. ಬ್ಯಾಂಡೇಜಿನ ಕೈಯಿಂದ ಸೀಟಿನ ಬೆನ್ನನ್ನು ಹಿಡಿದುಕೊಂಡಿದ್ದ. ಅದು ಅಲುಗಾಡಲಿಲ್ಲ.

"ಆಗೂದಿಲ್ಲ, ಸಾವಕಾರ್ರ," ಎಂದ.