ಹೋಲಿಕೆಗೆ ತಂದ ಕಟ್ಟು

ನಾನು ದೆವ್ವ ಗಿವ್ವ ನಂಬುವವನಲ್ಲ. ಮುಚ್ಚಿಹೋದ ಗಣಿಯ ಮಣ್ಣಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ ಎಷ್ಟಿದೆ ಅಂತ ಅಳೆಯೋದು ನನ್ನ ಕೆಲಸ. ಸೊಪ್ಪನ್ನು ತೊಳೆದು, ಓವನ್‌ನಲ್ಲಿ ಒಣಗಿಸಿ, ಪುಡಿ ಮಾಡಿ ನೋಡಬೇಕು. ಹೋಲಿಕೆಗೆ ಒಂದು ಕಟ್ಟು ಒಳ್ಳೆ ಸೊಪ್ಪು ಬೇಕಲ್ಲ, ಅದನ್ನು ನಮ್ಮ ಹಿತ್ತಲಿಂದಲೇ ಒಯ್ಯುತ್ತಿದ್ದೆ.

ಒಂದು ಮಧ್ಯಾಹ್ನ ಗಣಿ ಪಕ್ಕದ ಅಜ್ಜಿಯೊಬ್ಬರು ಹರಿವೆ ತಂದುಕೊಟ್ಟರು. ಮುಟ್ಟಿದರೆ ಬಾವಿ ತಳದ ಕಲ್ಲಿನಷ್ಟು ತಣ್ಣಗಿತ್ತು.

"ಫ್ರಿಜ್ಜಲ್ಲಿ ಇಟ್ಟಿದ್ರಾ ಅಜ್ಜಿ?"

"ನಮಗೆಲ್ಲಿಯ ಫ್ರಿಜ್ಜು ಮಗಾ. ಗಣಿ ಕುಸಿದಾಗ ಒಳಗೇ ಉಳಿದವರಿದ್ದಾರಲ್ಲ, ಬೇರು ಅವರವರೆಗೂ ಹೋಗುತ್ತೆ."

ವಯಸ್ಸಾದವರ ಮಾತು ಅಂತ ನಕ್ಕು, ಹೋಲಿಕೆಯ ಕಟ್ಟಿನ ಜೊತೆ ಅದನ್ನೂ ತೊಳೆದು ಓವನ್‌ನಲ್ಲಿಟ್ಟೆ.

ಮರುದಿನ ಓವನ್ ತೆಗೆದಾಗ ಬಿಸಿ ಮುಖಕ್ಕೆ ರಾಚಿತು. ಅಜ್ಜಿಯ ಸೊಪ್ಪು ಗರಿಗರಿಯಾಗಿ ಒಣಗಿತ್ತು. ಪಕ್ಕದ ತಟ್ಟೆ ಮಾತ್ರ ಕೈ ಕೊರೆಯುವಷ್ಟು ತಣ್ಣಗಿತ್ತು, ಎಲೆಗಳ ಮೇಲೆ ನೀರಹನಿ ಕೂತಿತ್ತು. ಅದು ನಮ್ಮ ಹಿತ್ತಲಿನದು. ಹೇಗೋ ಒಣಗಿಸಿ ಅಳೆದೆ. ಸೀಸ ಅಜ್ಜಿಯದರ ಮೂರರಷ್ಟಿತ್ತು.

ಹೆಂಡತಿಗೆ ಫೋನ್ ಮಾಡಿದೆ. "ಹಿತ್ತಲಿಗೆ ನೀನು ಎಲ್ಲಿಂದ ಮಣ್ಣು ಹಾಕಿಸಿದ್ದೆ?"

"ಚೆನ್ನಾಗಿದೆ, ನನ್ನ ಕೇಳ್ತೀರಲ್ಲ. ಸೋಮವಾರ ಸೋಮವಾರ ಸಂಜೆ ಚೀಲ ಹೊತ್ತು ತಂದು ಸುರಿಯೋದು ನೀವೇ ತಾನೆ? ಏನು ಕೇಳಿದ್ರೂ ಬಾಯಿ ಬಿಡಲ್ಲ. ಕೈ ನೋಡಿದ್ರೆ ಮಂಜುಗಡ್ಡೆ. ಆಮೇಲೆ ಮಗಳನ್ನ ಪಕ್ಕ ಕೂರಿಸ್ಕೊಂಡು ಹಸಿ ಎಲೆ ತಿನ್ನಿಸ್ತೀರಿ."

ಸೋಮವಾರ ರಾತ್ರಿ ಎಂಟರವರೆಗೂ ನನಗೆ ಲ್ಯಾಬಿನಲ್ಲೇ ಪಾಳಿ. ಹಾಜರಿ ಪುಸ್ತಕದಲ್ಲಿ ಒಂದು ವಾರವೂ ತಪ್ಪದೆ ನನ್ನ ಸಹಿ ಇದೆ.