ಕಾಣೆಯಾದ ನಾಲ್ಕನೇ ಹಾಳೆ

ನಾಲ್ಕು ಹಾಳೆಯ ನಿಕಾಹ್‌ನಾಮಾದಲ್ಲಿ ಮೂರೇ ಉಳಿದಿದ್ದವು. ಕಡತವನ್ನು ಎರಡು ಸಲ ಕೊಡವಿ ನೋಡಿದ ತನಿಖಾಧಿಕಾರಿಗೆ ತಲೆ ಚಿಟ್ಟು ಹಿಡಿಯಿತು.

“ಬೆಳಿಗ್ಗೆ ಇತ್ತಲ್ರೀ?”

“ಇತ್ತು ಮೇಡಂ, ಎಣಿಸಿಟ್ಟಿದ್ದೆ. ಓದಿರಲಿಲ್ಲ,” ಎಂದ ಗುಮಾಸ್ತ.

“ಜೆರಾಕ್ಸ್?”

“ಮಷೀನು ಕೆಟ್ಟು ಹದಿನೈದು ದಿನ ಆಯ್ತು.”

“ನಿಮ್ಮ ಮಷೀನಿಗಿಷ್ಟು ಬೆಂಕಿ ಹಾಕ!”

ಆ ಪತ್ರದಲ್ಲಿದ್ದ ಗಂಡು ಈಗ ಸತ್ತಿದ್ದ. ಬದುಕಿದ್ದಾಗ ಗಡಿಯಾಚೆಯ ದೇಶದಲ್ಲಿ ಲಾರಿ ಓಡಿಸುತ್ತಿದ್ದ; ಅಲ್ಲಿಯ ಕಾನೂನಿನಂತೆ ಎರಡನೇ ನಿಕಾಹ್ ಮಾಡಿಕೊಂಡಿದ್ದ. ಆ ಮದುವೆ ಇಲ್ಲಿಯೂ ಊರ್ಜಿತವೆಂದು ಈ ಕಚೇರಿ ಒಪ್ಪಿದರೆ ಕಿರಿಯ ಹೆಂಡತಿ ಇಲ್ಲೇ ಉಳಿಯಬಹುದು. ಇಲ್ಲವಾದರೆ ಶಾಲೆಗೆ ಹೋಗುವ ಮಗಳನ್ನು ಕಟ್ಟಿಕೊಂಡು ಗಡಿ ದಾಟಬೇಕು. ಅಲ್ಲಿಂದ ನಕಲು ತರಿಸಲು ಮೂರು ತಿಂಗಳು ಬೇಕು. ಗಡುವು ಇವತ್ತು ಸಂಜೆ ಐದಕ್ಕೆ!

ಕಡತ ಮುಟ್ಟಿದವರು ಮೂವರು—ಗುಮಾಸ್ತ, ತಕರಾರು ಹಾಕಿದ ಹಿರಿಯ ಹೆಂಡತಿ, ಅವಳ ಜೊತೆ ಬಂದ ಅಣ್ಣ.

“ನೀವು ತೆಗೆದ್ರಾ?”

“ನಾನ್ಯಾಕೆ ತೆಗೀಲಿ?” ಹಿರಿಯಳು ಸಿಡುಕಿದಳು. “ಈ ಮದ್ವೇನೇ ಸುಳ್ಳು. ಆಗಿ ಎಂಟು ವರ್ಷ ಅಂತೆ! ನನ್ನ ಕಿವಿಗೆ ಬೀಳ್ತಿರಲಿಲ್ವಾ? ಇವಳು ಸುಳ್ಳಿ.”

“ಅಕ್ಕಾ, ಆಣೆ ಮಾಡಿ ಹೇಳ್ತೀನಿ—” ಬಾಗಿಲ ಬಳಿ ಕೂತಿದ್ದ ಕಿರಿಯಳು ಎದ್ದು ಬಂದಳು.

“ಸಾಕ್ಷಿ ಯಾರಮ್ಮಾ?”

“ಗೊತ್ತಿಲ್ಲ ಮೇಡಂ. ಗಂಡಸರೆಲ್ಲ ಹೊರಗಿದ್ರು. ನಾನು ಒಳಕೋಣೇಲಿ ಕೂತೇ ಒಪ್ಪಿಗೆ ಕೊಟ್ಟೆ.”

“ಇದಕ್ಕೂ ನಮಗೂ ಸಂಬಂಧ ಇಲ್ಲ,” ಎಂದು ಅಣ್ಣ ನಡುವೆ ಬಾಯಿ ಹಾಕಿದ. “ನಾನಂತೂ ಆ ದೇಶಕ್ಕೆ ಕಾಲೇ ಇಟ್ಟಿಲ್ಲ.”

ತನಿಖಾಧಿಕಾರಿ ಪೆನ್ನು ಕೆಳಗಿಟ್ಟಳು. “ನಾನು ಅದನ್ನ ಕೇಳಿದ್ನಾ?”

ಅವಳು ಉಳಿದ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

“ಬೆಳಿಗ್ಗೆಯಿಂದ ನಾವೆಲ್ಲ ಕಳೆದುಹೋದ ಹಾಳೇನೇ ಹುಡುಕ್ತಿದ್ದೀವಿ. ಉಳಿದಿದ್ದನ್ನ ಯಾರೂ ನೋಡ್ಲಿಲ್ಲ. ಮದುವೆ ಅಳಿಸಬೇಕು ಅನ್ನೋರು ಮೊದಲನೇ ಹಾಳೆ ಕೀಳ್ತಿದ್ರು—ಗಂಡು-ಹೆಣ್ಣಿನ ಹೆಸರು, ಒಪ್ಪಿಗೆ, ಹೆಣ್ಣಿಗೆ ಕೊಡೋ ಮಹರ್, ಎಲ್ಲ ಅಲ್ಲಿದೆ. ಕಳ್ಳ ಅದನ್ನ ಮುಟ್ಟೇ ಇಲ್ಲ. ಈ ನಮೂನೇಲಿ ನಾಲ್ಕನೇದ್ರಲ್ಲಿ ಇರೋದು ಇಬ್ಬರು ಸಾಕ್ಷಿಗಳ ಹೆಸರು, ಸಹಿ ಮಾತ್ರ. ಅವನಿಗೆ ಮುಚ್ಚಬೇಕಾಗಿದ್ದು ಮದುವೆ ಅಲ್ಲ—ತಾನು ಅಲ್ಲಿದ್ದೆ ಅನ್ನೋದು! ಪಾಸ್‌ಪೋರ್ಟ್ ತರಿಸ್ಲಾ, ಅಣ್ಣನವರೇ? ಇಲ್ಲ, ಹಾಳೆ ಕೊಡ್ತೀರಾ?”

ಅವನ ಕೈ ಅಂಗಿಯೊಳಗೆ ಹೋಯಿತು. ನಾಲ್ಕು ಮಡಿಕೆಯ ಹಾಳೆ ಹೊರಬಂತು.

“ಭಾವ ತುಂಬಾ ಕೇಳ್ಕೊಂಡ, ತಂಗೀ... ನಿನಗೆ ನೋವಾಗುತ್ತೆ ಅಂತ...”

ಹಿರಿಯಳು ಅಣ್ಣನ ಸಹಿಯ ಮೇಲೆ ಬೆರಳಿಟ್ಟಳು. ಗಂಡ ಸತ್ತಾಗಲೂ ಅವಳ ಮುಖ ಇಷ್ಟು ಕಳೆಗುಂದಿರಲಿಲ್ಲ.

“ನನ್ನ ತಕರಾರು ವಾಪಸ್ ತಗೊಳ್ತೀನಿ, ಮೇಡಂ.”

ಗಂಟೆ ನಾಲ್ಕೂಮುಕ್ಕಾಲು. ತನಿಖಾಧಿಕಾರಿ ಕಿರಿಯಳ ಕಡತಕ್ಕೆ ಒಪ್ಪಿಗೆಯ ಮೊಹರು ಒತ್ತಿದಳು. ಹಿರಿಯಳು ಕಿರಿಯಳತ್ತ ತಿರುಗಿದಳು.

“ನಿನ್ನ ಸುಳ್ಳಿ ಅಂದುಬಿಟ್ಟೆ, ತಾಯಿ. ಎಂಟು ವರ್ಷದಿಂದ ಸುಳ್ಳುಗಾರರಿಬ್ಬರಿಗೂ ನಾನೇ ಬಡಿಸ್ತಿದ್ದೆ.”